ಎಮ್ಮೆ ಕೊಟ್ಟಿಗೆಯ ಕಂಬ

ಈಗ ನಮ್ಮ ಇಲಾಖೆಗೆ ಹೊಸದಾಗಿ ಸೇರುವ ಹುಡುಗರ ಮೇಜಿನ ಮೇಲೆ ಚೆಂದದ ರಟ್ಟಿನ ಪುಸ್ತಕವೊಂದು ಇರುತ್ತದೆ. ಇಟ್ಟಿಗೆ ಇಂಥದ್ದು, ಗಾರೆ ಇಂಥದ್ದು, ಹಾಗಾದರೆ ಗೋಡೆಯ ಮೇಲೆ ಇಷ್ಟು ಭಾರ ಹೇರಬಹುದು ಎಂದು ಕೋಷ್ಟಕ ಹಾಕಿ ಕೊಟ್ಟಿರುತ್ತಾರೆ. ಹುಡುಗರು ಬೆರಳಿಟ್ಟು ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಕಾಫಿಗೆ ಎದ್ದು ಹೋಗುತ್ತಾರೆ. ಆ ಅಂಕಿ ಎಲ್ಲಿಂದ ಬಂತು ಎಂದು ಒಬ್ಬನಾದರೂ ಕೇಳಬೇಕಲ್ಲ? ಊಹೂಂ. ಕೇಳದಿದ್ದರೆ ಬಿಡಿ, ನಾನೇ ಹೇಳುತ್ತೇನೆ. ಪಿಂಚಣಿದಾರನಿಗೆ ಬೇರೆ ಇನ್ನೇನು ಕೆಲಸ?

ಅಂಥ ಅಂಕಿಗಳು ಮೇಲಿನಿಂದ ಉದುರುವುದಿಲ್ಲ. ಯಾರೋ ಒಬ್ಬರು ಎಲ್ಲೋ ಒಂದು ಕಡೆ ಇಟ್ಟಿಗೆಯ ಕಂಬ ಕಟ್ಟಿಸಿ, ಅದರ ಮೇಲೆ ಭಾರ ಹೇರುತ್ತ ಹೋಗಿ, ಅದು ಯಾವಾಗ ಒಡೆಯುತ್ತದೆ ಎಂದು ಬಾಯಿ ಕಳೆದು ಕಾಯಬೇಕು. ಹಾಗೆ ಕಾದವರಲ್ಲಿ ನಾನೂ ಒಬ್ಬ. ನನ್ನ ಪ್ರಾಯದ ಒಳ್ಳೆಯ ಭಾಗವೆಲ್ಲ ಭದ್ರಾವತಿಯಲ್ಲಿ ಕಂಬ ಒಡೆಯುವುದರಲ್ಲೇ ಕಳೆಯಿತು. ಕುಂಸಿಯಲ್ಲಿದ್ದ ನಮ್ಮಪ್ಪನನ್ನು ಯಾರಾದರೂ “ನಿಮ್ ಮಗ ಏನ್ ಕೆಲ್ಸ ಮಾಡ್ತಾನೆ?” ಎಂದು ಕೇಳಿದರೆ, “ಸರ್ಕಾರಿ ಕೆಲ್ಸ” ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದ. ಕಟ್ಟಿದ್ದನ್ನು ಕೆಡವಿ ಸಂಬಳ ಎಣಿಸುವ ಮಗ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ.

ಇದು ಮೂವತ್ತರ ದಶಕದ ಮಾತು. ಕಬ್ಬಿಣದ ಕಾರ್ಖಾನೆಯ ಹಿಂದೆ ತಗಡಿನ ಮಾಡಿನ ಉದ್ದನೆಯ ಶೆಡ್ಡೊಂದು ನಮ್ಮದು. ಬೇಸಿಗೆಯಲ್ಲಿ ಅದರೊಳಗೆ ಕೂತರೆ ಇಟ್ಟಿಗೆಗಿಂತ ಮೊದಲು ನಾವೇ ಬೇಯುತ್ತಿದ್ದೆವು. ಮುಖ್ಯಸ್ಥರು ವೆಂಕೋಬರಾಯರು ಎಂಬ ಇಂಜಿನಿಯರು. ಸಣ್ಣ ದೇಹ, ದೊಡ್ಡ ಪೇಟ. ಸಿಟ್ಟು ಬಂದರೆ ನಶ್ಯ ಏರಿಸುತ್ತಿದ್ದರು, ಸಂತೋಷವಾದರೂ ನಶ್ಯವೇ. ಆದ್ದರಿಂದ ಅವರು ಸೀನಿದರೆ ಒಳಗೆ ಹೋಗಬೇಕೋ ಹೊರಗೆ ಓಡಬೇಕೋ ತಿಳಿಯುತ್ತಿರಲಿಲ್ಲ. ಅವರ ಕೈಕೆಳಗೆ ಓವರ್ಸಿಯರ್ ಆಗಿ ಗಂಗಾಧರಪ್ಪ ಎಂಬ ನಾನು. ಭಾರ ಎತ್ತುವುದಕ್ಕೆ ಆರ್ಮುಗಂ ಎಂಬ ತಮಿಳಿನ ಕಟ್ಟಾಳು ಮತ್ತು ಅವನ ಜನ.

ನಮಗೆ ಒಪ್ಪಿಸಿದ್ದ ಕೆಲಸ ಹೇಳುವುದಕ್ಕೆ ಸುಲಭ. ಆಗ ಗೋಡೆಯ ಲೆಕ್ಕಕ್ಕೆ ಇದ್ದದ್ದು ಇಂಗ್ಲೆಂಡಿನ ಕೈಪಿಡಿ ಮಾತ್ರ. ಅಲ್ಲಿನ ಇಟ್ಟಿಗೆ ಅಲ್ಲಿನ ಮಣ್ಣಿನದು, ನಮ್ಮದು ತುಂಗಾ ಭದ್ರಾ ದಂಡೆಯ ಗೋಡು ಮಣ್ಣಿನದು. ಅವರ ಅಂಕಿಯನ್ನು ನಮ್ಮ ಗೋಡೆಗೆ ಹಾಕುವುದು ಹೇಗೆ? ಅದೇ ಹೊತ್ತಿಗೆ ಶಿವಮೊಗ್ಗದಲ್ಲಿ ಒಂದು ಹೆರಿಗೆ ಆಸ್ಪತ್ರೆ ಕಟ್ಟಬೇಕೆಂದು ಪಾಯ ತೋಡಿದ್ದರು. ಕೆಳಗೆ ಒಂದು ಅಂತಸ್ತು, ಮೇಲೊಂದು ಅಂತಸ್ತು, ಮೇಲೆ ಬಾಣಂತಿಯರ ವಾರ್ಡು. ನಮ್ಮ ಇಟ್ಟಿಗೆ ಚೆನ್ನಾಗಿ ಹೊರುತ್ತದೆ ಎಂದಾದರೆ ಗೋಡೆ ಒಂದು ಇಟ್ಟಿಗೆ ದಪ್ಪ ಸಾಕು, ಕಟ್ಟಡ ಬೇಗ ಏಳುತ್ತದೆ. ಹೊರುವುದಿಲ್ಲ ಎಂದಾದರೆ ಗೋಡೆ ಒಂದೂವರೆ ಇಟ್ಟಿಗೆ ಆಗಬೇಕು, ಆಗ ಖರ್ಚು ಏರಿ ಮೇಲಂತಸ್ತು ಸಿಕ್ಕುತ್ತದೋ ಇಲ್ಲವೋ ದೇವರೇ ಬಲ್ಲ. ಅಂಕಿ ತಪ್ಪಿ ಗೋಡೆ ತೆಳ್ಳಗಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಗು ಹೆತ್ತು ಮಲಗಿದವರು ಎದ್ದು ಓಡಲಾರರು.

ನಮ್ಮ ಯಂತ್ರ ಎಂದರೆ ಒಂದು ಉದ್ದನೆಯ ಕಬ್ಬಿಣದ ತೊಲೆ. ಒಂದು ತುದಿಯನ್ನು ನೆಲದ ಗುಂಡಿಯಲ್ಲಿ ಬಿಗಿದಿತ್ತು. ಅದರ ಪಕ್ಕದಲ್ಲೇ, ತೊಲೆಯ ಕೆಳಗೆ, ಕಂಬ. ಇನ್ನೊಂದು ತುದಿಗೆ ಹಲಗೆ ನೇತುಹಾಕಿ ಅದರ ಮೇಲೆ ಬೀಡು ಕಬ್ಬಿಣದ ಗಟ್ಟಿಗಳನ್ನು ಒಂದೊಂದಾಗಿ ಪೇರಿಸುವುದು. ನಿಂಬೆಹಣ್ಣು ಹಿಂಡುವ ಮರದ ಇಕ್ಕಳ ಇದೆಯಲ್ಲ, ಅದೇ ಇದು, ಸ್ವಲ್ಪ ದೊಡ್ಡದು. ಮೊದಲ ಸಲ ಆರ್ಮುಗಂ ಕಡೆಯವರೇ ತೋಚಿದಂತೆ ಕಟ್ಟಿದ ಕಂಬಕ್ಕೆ ಭಾರ ಹಾಕಿದೆವು. ಕಂಬ ಒಡೆದ ಮೇಲೆ ತೊಲೆ ಕೆಳಗೆ ಬೀಳುತ್ತದೆ ಎಂಬ ವಿಷಯ ಅಷ್ಟು ಓದಿದ ರಾಯರಿಗೂ ಹೊಳೆದಿರಲಿಲ್ಲ. ಧಡಾರ್ ಎಂದಾಗ ನಾವೆಲ್ಲ ದಿಕ್ಕಿಗೊಬ್ಬರಂತೆ ಓಡಿದೆವು. ಧೂಳು ಅಡಗಿದ ಮೇಲೆ ನೋಡಿದರೆ ರಾಯರು ಬಾಗಿಲ ಹೊರಗೆ, ಅವರ ಪೇಟ ತೊಲೆಯ ಅಡಿಗೆ. “ತಲೆ ಇದೆ ತಾನೇ, ಪೇಟ ಹೋಗ್ಲಿ ಬಿಡಯ್ಯಾ” ಎಂದು ನಶ್ಯ ಏರಿಸಿದರು. ಅಂದಿನಿಂದ ತೊಲೆಯ ಕೆಳಗೆ ಮರದ ದಿಮ್ಮಿಗಳನ್ನು ಇಡುವ ಪದ್ಧತಿ ಬಂತು. ಈಗಲೂ ಇಡುತ್ತಾರಂತೆ, ಕಾರಣ ಗೊತ್ತಿಲ್ಲದೆ.

ಕಟ್ಟುವುದಕ್ಕೆ ಸರಿಯಾದ ಕೈ ಬೇಕು ಎಂದು ಹೊಳಲೂರಿನಿಂದ ಹನುಮಂತಪ್ಪ ಮೇಸ್ತ್ರಿಯನ್ನು ಕರೆಸಿದೆವು. ಶಿವಮೊಗ್ಗದ ಸುತ್ತಮುತ್ತ ಗಾರೆ ಕೆಲಸದಲ್ಲಿ ಅವನದೇ ಹೆಸರು. ಹೆಸರಿಗಿಂತ ಅವನ ಬಾಯಿ ದೊಡ್ಡದು. “ನನ್ ಗೋಡೆಗೆ ತೂಗುಗುಂಡು ಬಿಡೋದೇ ಬ್ಯಾಡ ಸ್ವಾಮಿ. ಗುಂಡೇ ನನ್ ಗೋಡೆ ನೋಡಿ ನೆಟ್ಟಗಾಗ್ತದೆ” ಎನ್ನುವ ಆಸಾಮಿ. ಆದರೆ ನಮ್ಮ ಕೆಲಸ ಏನೆಂದು ಕೇಳಿದ್ದೇ ತಡ, ಕರಣೆಯನ್ನು ಚೀಲಕ್ಕೆ ತುರುಕಿಕೊಂಡು ಎದ್ದುನಿಂತ.

“ಒಡೆಯಾಕಾ? ಕಟ್ಟಿದ್ದನ್ನ ಒಡೆಯಾಕೆ ನನ್ನ ಕರೆಸಿದ್ರಾ? ಬಿಡ್ತು ಅನ್ನಿ ಸ್ವಾಮಿ. ನಮ್ಮಪ್ಪ, ನಮ್ಮಜ್ಜ ಯಾರೂ ಬೀಳೋದಕ್ಕೆ ಅಂತ ಒಂದಿಟ್ಟಿಗೆ ಇಟ್ಟೋರಲ್ಲ.”

ರಾಯರು ಸಮಾಧಾನ ಮಾಡಿದರು. “ಒಡೆಯೋದಲ್ಲ ಕಣಯ್ಯಾ, ಇದು ಪರೀಕ್ಷೆ. ನಿನ್ನ ಕಂಬ ಎಷ್ಟು ಹೊರುತ್ತೆ ಅಂತ ನೋಡಿ ಬೆಂಗಳೂರಿಗೆ ಬರೀತೀನಿ. ನಿನ್ನ ಹೆಸರು ಹಾಕಿಯೇ ಬರೀತೀನಿ.”

ಹನುಮಂತಪ್ಪ ಮೀಸೆ ಸವರಿಕೊಂಡ. “ಪರೀಕ್ಷೆನಾ? ಮೊದ್ಲೇ ಹೇಳಬಾರ್ದಾ ಮತ್ತೆ!” ಎಂದು ಚೀಲ ಕೆಳಗಿಟ್ಟ. ನಮ್ಮ ಎಡವಟ್ಟು ಶುರುವಾದದ್ದು ಅಲ್ಲಿಂದಲೇ. ಆ ಕ್ಷಣದಲ್ಲಿ ನಮಗೆ ಅದು ಗೆಲುವಿನಂತೆ ಕಂಡಿತು.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು! ಒಂದೊಂದು ಇಟ್ಟಿಗೆಯನ್ನೂ ಕಿವಿಯ ಹತ್ತಿರ ಹಿಡಿದು ತಟ್ಟಿ, ಠಣ್ ಎಂದರೆ ಮಾತ್ರ ಆರಿಸಿದ. ಆರಿಸಿದ್ದನ್ನು ತೊಳೆದು, ಪೀಪಾಯಿಯಲ್ಲಿ ನೆನೆಹಾಕಿದ. ಗಾರೆಯನ್ನು ಆಳುಗಳ ಕೈಗೆ ಕೊಡದೆ ತಾನೇ ಗಾಣದ ಹಿಂದೆ ಸುತ್ತಿ ಅರೆಸಿದ, ಬೆಲ್ಲದ ನೀರು ಬೆರೆಸಿದ. ಸಂದುಗಳಲ್ಲಿ ಒಂದು ಹುಲ್ಲುಕಡ್ಡಿ ತೂರದಂತೆ ಕಟ್ಟಿದ. ಕಂಬ ಎದ್ದುನಿಂತ ಮೇಲೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಒದ್ದೆ ಗೋಣಿ ಸುತ್ತಿದ. ಊರಿಗೆ ಹೋದವನು ನಡುನಡುವೆ ನೆಪ ಮಾಡಿಕೊಂಡು ಬಂದು ಗೋಣಿಗೆ ನೀರು ಚಿಮುಕಿಸಿ ಹೋಗುತ್ತಿದ್ದ. ಅಷ್ಟು ಕಾಳಜಿಯನ್ನು ಅವನು ಹೆಂಡತಿ ಮಕ್ಕಳಿಗೆ ತೋರಿಸಿದ್ದನೋ ಇಲ್ಲವೋ, ನನಗೆ ಅನುಮಾನ.

ಗಾರೆ ಕಚ್ಚಿದ ಮೇಲೆ ಭಾರ ಹೇರಿದೆವು. ಹೇರಿದೆವು, ಹೇರಿದೆವು, ಕಂಬ ಮಿಸುಕಲಿಲ್ಲ. ನಮ್ಮ ಕಬ್ಬಿಣದ ಗಟ್ಟಿಗಳು ಮುಗಿದು ಕಾರ್ಖಾನೆಯ ಅಂಗಳದಿಂದ ಇನ್ನಷ್ಟು ತರಿಸಬೇಕಾಯಿತು. ಆರ್ಮುಗಂ ಬೆವರು ಒರೆಸಿಕೊಂಡು, “ಪೋದುಂ ಸಾಮಿ, ಸಾಕು! ಕಂಬ ಸಾಯಲ್ಲ, ನಾನೇ ಸಾಯ್ತದೆ” ಎಂದ. ಕೊನೆಗೆ ಅದು ಒಡೆದಾಗ ಹನುಮಂತಪ್ಪ ಮುಖ ಆ ಕಡೆ ತಿರುಗಿಸಿಕೊಂಡ. ಕಣ್ಣು ಒದ್ದೆಯಾಗಿತ್ತು. ಪಾಪ ಎನ್ನಿಸಿತು ನನಗೆ. ಮರುಗಳಿಗೆಗೇ “ಎಷ್ಟಾಯ್ತು?” ಎಂದು ಕೇಳಿ, ಇಂಗ್ಲೆಂಡಿನ ಇಟ್ಟಿಗೆಯ ಸಮಕ್ಕೆ ಬಂತು ಎಂದು ರಾಯರು ಹೇಳಿದ ಕೂಡಲೇ ಶೆಡ್ಡು ಹಾರಿಹೋಗುವಂತೆ ನಕ್ಕ. ರಾಯರು ಸೀನಿ ಸೀನಿ ಬೆಂಗಳೂರಿಗೆ ಕಾಗದ ಬರೆದರು. ಅಲ್ಲಿನ ದೊಡ್ಡ ಸಾಹೇಬರು ಭೇಷ್ ಎಂದು ಉತ್ತರ ಕೊಟ್ಟರು. ಆಸ್ಪತ್ರೆಯ ಗೋಡೆ ಒಂದೇ ಇಟ್ಟಿಗೆ ದಪ್ಪ ಎಂದು ಹೆಚ್ಚುಕಡಿಮೆ ಗೊತ್ತಾದಂತೆಯೇ ಆಯಿತು.

ಕೆಲವು ದಿನ ಕಳೆದ ಮೇಲೆ ರಾಯರೂ ನಾನೂ ಆಸ್ಪತ್ರೆಯ ಪಾಯ ನೋಡಲು ಶಿವಮೊಗ್ಗಕ್ಕೆ ಹೋದೆವು. ಜಟಕಾ ಸವಳಂಗ ರಸ್ತೆಯಲ್ಲಿ ಹೋಗುತ್ತಿದ್ದಾಗ ಅಂಗಡಿಯೊಂದಕ್ಕೆ ಗೋಡೆ ಏಳುತ್ತಿತ್ತು. ಗೋಡೆಯ ಮೇಲೆ ನಮ್ಮ ಹನುಮಂತಪ್ಪ! ನಾನು ಕೂಗಬೇಕೆಂದು ಬಾಯಿ ತೆರೆದೆ, ರಾಯರು ಜಟಕಾ ನಿಲ್ಲಿಸಿ ನನ್ನ ಮೊಣಕೈ ಹಿಡಿದರು. “ಸುಮ್ನಿರು. ನೋಡು.”

ನೋಡಿದೆ. ಇಟ್ಟಿಗೆ ಗಾಡಿಯಿಂದ ನೇರವಾಗಿ ಕೈಗೆ ಬರುತ್ತಿತ್ತು, ಒಣಕಲು, ಧೂಳು ಸಮೇತ. ಗಾರೆಯನ್ನು ಬೊಗಸೆ ಬೊಗಸೆ ಬಡಿದು, ಅದರ ಮೇಲೆ ಇಟ್ಟಿಗೆ ಕುಕ್ಕಿ ಮುಂದಕ್ಕೆ ಹೋಗುತ್ತಿದ್ದ. ಎರಡು ಇಟ್ಟಿಗೆಗಳ ನಡುವಿನ ಸಂದು ಖಾಲಿ. ಕೈ ಗೋಡೆಯ ಮೇಲೆ, ಮುಖ ಎದುರಿನ ಎಲೆ ಅಡಿಕೆ ಅಂಗಡಿಯವನ ಕಡೆಗೆ, ಬಾಯಲ್ಲಿ ಯಾರದೋ ಮದುವೆಯ ಸುದ್ದಿ. ಹಾಗೆಂದು ಕೆಟ್ಟ ಕೆಲಸವೇನೂ ಅಲ್ಲ. ಗೋಡೆ ನೆಟ್ಟಗೇ ಇತ್ತು. ಊರಿನ ಎಲ್ಲ ಗೋಡೆಗಳೂ ಎದ್ದದ್ದು ಹಾಗೆಯೇ.

ರಾಯರು ಜಟಕಾದವನಿಗೆ ಮುಂದೆ ಹೋಗೆಂದು ಸನ್ನೆ ಮಾಡಿದರು. ಆಮೇಲೆ, “ಗಂಗಾಧರ, ನಾವು ಮದುವಣಗಿತ್ತಿನ ನೋಡಿ ಸಂಸಾರದ ಲೆಕ್ಕ ಹಾಕ್ಬಿಟ್ವಿ ಕಣಯ್ಯಾ” ಎಂದರು. ನಶ್ಯದ ಡಬ್ಬಿ ಕೈಯಲ್ಲೇ ಇತ್ತು, ತೆರೆಯಲಿಲ್ಲ. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮತ್ತೆ ಮೇಸ್ತ್ರಿಯನ್ನು ಭದ್ರಾವತಿಗೆ ಕರೆಸಿದೆವು. “ಈ ಸಲ ಸಾಧಾರಣವಾಗಿ ಕಟ್ಟಯ್ಯಾ” ಎಂದರು ರಾಯರು.

“ಸಾಧಾರಣ ಅಂದ್ರೆ?”

“ನೀನು ದಿನಾ ಕಟ್ತೀಯಲ್ಲ, ಹಾಗೆ.”

“ದಿನಾನೂ ಹಿಂಗೇ ಕಟ್ಟೋದು ಸ್ವಾಮಿ ನಾನು!” ಎಂದ. ಸುಳ್ಳು ಹೇಳುತ್ತಿದ್ದ ಎಂದುಕೊಳ್ಳಬೇಡಿ. ಅವನು ಅದನ್ನು ಮನಸಾರೆ ನಂಬಿದ್ದ. ಇಟ್ಟಿಗೆ ನೆನೆಸಬೇಡ ಎಂದರೆ ನಾವು ಬೆನ್ನು ತಿರುಗಿಸಿದಾಗ ಚೊಂಬಿನಲ್ಲಿ ನೀರು ಸುರಿಯುತ್ತಿದ್ದ. ಸಂದು ದಪ್ಪಗಿರಲಿ ಎಂದರೆ ಕೈ ನಡುಗುವವನಂತೆ ನಟಿಸಿ ತೆಳ್ಳಗೇ ಹಾಕುತ್ತಿದ್ದ. ಬೇರೆ ಗಾರೆಯವರನ್ನು ಕರೆಸಿದರೂ ಅದೇ ಹಾಡು. ‘ಪರೀಕ್ಷೆ’ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಎಂಥ ಸೋಮಾರಿಯೂ ವಿಶ್ವಕರ್ಮನ ವಂಶದವನಾಗಿಬಿಡುತ್ತಿದ್ದ. ಒಳ್ಳೆಯ ಕೆಲಸ ಮಾಡಿಸಲು ಒದ್ದಾಡುವ ಅಧಿಕಾರಿಗಳನ್ನು ಎಷ್ಟೋ ಕಂಡಿದ್ದೇನೆ. ಸಾಧಾರಣ ಕೆಲಸಕ್ಕಾಗಿ ಕೈಮುಗಿದವರು ನಾವಿಬ್ಬರೇ ಇರಬೇಕು.

ದಾರಿ ಸಿಕ್ಕಿದ್ದು ರಾಯರ ಮನೆಯಿಂದ. ಅವರ ಮನೆಯಾಕೆ ಸುಬ್ಬಲಕ್ಷ್ಮಮ್ಮನವರು ಒಂದು ಎಮ್ಮೆ ಸಾಕಿದ್ದರು, ನೀಲಾ ಎಂದು. ಅದಕ್ಕೊಂದು ಕೊಟ್ಟಿಗೆ ಕಟ್ಟಿಸಿ ಎಂದು ಹೇಳಿ ಹೇಳಿ ಅವರಿಗೂ ಸಾಕಾಗಿತ್ತು. ಒಂದು ಬೆಳಿಗ್ಗೆ ರಾಯರು ಇದ್ದಕ್ಕಿದ್ದಂತೆ, “ಆಗ್ಲಿ, ಶೆಡ್ಡಿನ ಪಕ್ಕದಲ್ಲೇ ಕಟ್ಸೋಣ” ಎಂದುಬಿಟ್ಟರು. ಶೆಡ್ಡಿನ ಪಕ್ಕ ಯಾಕೆ ಎಂದರೆ, ತೊಲೆಯ ತುದಿ ಬಿಗಿಯುವ ಇನ್ನೊಂದು ಗುಂಡಿ ಇದ್ದದ್ದು ಅಲ್ಲಿಯೇ. ಈ ಗುಟ್ಟು ಗೊತ್ತಿದ್ದದ್ದು ರಾಯರಿಗೆ, ನನಗೆ ಮತ್ತು ಆರ್ಮುಗಂಗೆ.

“ಎಮ್ಮೆಗಾ?” ಎಂದು ಹನುಮಂತಪ್ಪ ಮೂಗು ಮುರಿದ. ಬೆಳಿಗ್ಗೆ ಶುರುಮಾಡಿ ಊಟದ ಹೊತ್ತಿಗೆಲ್ಲ ಮೂಲೆಗೊಂದು ಕಂಬ ಎಬ್ಬಿಸಿ ಕೈ ತೊಳೆದುಕೊಂಡ. ಸವಳಂಗ ರಸ್ತೆಯ ಗೋಡೆಯ ಖಾಸಾ ತಮ್ಮಂದಿರು ಅವು. ನಾನೂ ರಾಯರೂ ಸಂತೋಷದಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆದರೆ ಗಾರೆ ಕಚ್ಚುವ ತನಕ ಕಾಯಬೇಕಲ್ಲ? ಅಷ್ಟು ದಿನ ಎಮ್ಮೆಯನ್ನು ಹೊರಗಿಡುವುದು ಹೇಗೆ? ಸುಬ್ಬಲಕ್ಷ್ಮಮ್ಮನವರು ಸೋಗೆ ಹೊದಿಸಿ ನೀಲಾಳನ್ನು ಒಳಗೆ ಕಟ್ಟಿಸಿಯೇಬಿಟ್ಟರು. ಎಮ್ಮೆಗೆ ಹೊಸ ಕಂಬ ಸಿಕ್ಕಿದರೆ ಕೇಳಬೇಕೇ, ಮೈ ತಿಕ್ಕಲು ಶುರುಮಾಡಿತು. “ಅಯ್ಯೋ ನನ್ನ ಕಂಬ!” ಎಂದು ರಾಯರು ಕೊಡೆ ಹಿಡಿದು ಓಡಿ ಬರುತ್ತಿದ್ದರು. ಇಲಾಖೆಯ ಕಾಗದಪತ್ರಗಳೆಲ್ಲ ಹಾಗೇ ಬಿದ್ದಿರುತ್ತಿದ್ದವು, ರಾಯರು ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಎಮ್ಮೆ ಕಾಯುತ್ತಿದ್ದರು.

“ಕೊಟ್ಟಿಗೆ ಕಟ್ಸಿ ಎಮ್ಮೆನ ಒಳಗೆ ಬಿಡಲ್ಲ ಅಂತೀರಲ್ಲ, ನಿಮ್ಮ ಬುದ್ಧಿ ನೆಟ್ಟಗಿದೆಯಾ?” ಎಂದು ಆಕೆ ಎಲ್ಲರೆದುರಿಗೇ ಕೇಳಿದರು. ರಾಯರು ಬಾಯಿ ಬಿಡುವಂತಿರಲಿಲ್ಲ. ಆಕೆಗೆ ಹೇಳಿದರೆ ಸಂಜೆಯೊಳಗೆ ಭದ್ರಾವತಿಗೆಲ್ಲ ಗೊತ್ತಾಗುತ್ತಿತ್ತು.

ಒಂದು ಬೆಳಿಗ್ಗೆ, ಆಕೆ ನೆಂಟರ ಮನೆಗೆ ಹೋದದ್ದೇ ತಡ, ಸೋಗೆ ಇಳಿಸಿ, ನೀಲಾಳನ್ನು ಹುಣಸೆ ಮರಕ್ಕೆ ಕಟ್ಟಿ, ತೊಲೆ ಹೊರಗೆ ತಂದೆವು. ಭಾರ ಹೇರತೊಡಗಿದೆವು. ಹಿಂದಿನ ಕಂಬಕ್ಕೆ ಹಾಕಿದ್ದರಲ್ಲಿ ಅರ್ಧ ಭಾರವೂ ಬಂದಿರಲಿಲ್ಲ, ಚಟಚಟ ಎಂದು ಸದ್ದು. ಖಾಲಿ ಸಂದುಗಳ ಗುಂಟ ಸೀಳು ಬಿಟ್ಟು ಕಂಬ ಕುಸಿಯಿತು. ಇನ್ನೊಂದು ಕಂಬಕ್ಕೆ ಹೇರಿದೆವು. ಅದೂ ಅಷ್ಟೇ. ಆರ್ಮುಗಂಗೆ ಬೆವರೂ ಬಂದಿರಲಿಲ್ಲ.

ಅದೇ ಹೊತ್ತಿಗೆ ಹನುಮಂತಪ್ಪ ಬರಬೇಕೇ! ಆಸ್ಪತ್ರೆಯ ಗೋಡೆ ಕೆಲಸ ತನಗೇ ಸಿಕ್ಕಿತೆಂದು ಹೇಳಲು ಬಾಳೆಹಣ್ಣಿನ ಚಿಪ್ಪು ಹಿಡಿದು ನಗುತ್ತ ಬಂದವನು, ಕೊಟ್ಟಿಗೆಯನ್ನು ನೋಡಿದ, ತೊಲೆಯನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

“ನಂಗೆ ಹೇಳಬಾರ್ದಿತ್ತಾ ಸ್ವಾಮಿ? ಹೇಳಿದ್ರೆ ಚೆನ್ನಾಗಿ ಕಟ್ತಿದ್ದೆ.”

“ಅದಕ್ಕೇ ಹೇಳ್ಲಿಲ್ಲ ಕಣಯ್ಯಾ.”

“ಯಾವ್ ಲೆಕ್ಕ ಬರೀತೀರಿ ಈಗ?”

“ಇದೇ.”

ಅವನ ಮುಖ ಕೆಂಪೇರಿತು. “ಎಮ್ಮೆ ಕಂಬದ್ದಾ? ಅಷ್ಟು ಜೀವ ತೇಯ್ದು ಕಟ್ಟಿದ್ದನ್ನ ಬಿಟ್ಟು ಎಮ್ಮೆ ಕಂಬದ್ದಾ? ಬೆಂಗ್ಳೂರಲ್ಲಿ ಹನುಮಂತಪ್ಪ ಅಂದ್ರೆ ಇಷ್ಟೇ ಅಂತ ಆಗ್ತದಲ್ಲ ಸ್ವಾಮಿ. ನನ್ ಮರ್ಯಾದೆ ಗತಿ?”

ರಾಯರ ದನಿ ಮೆತ್ತಗಿತ್ತು. “ಮೇಲೆ ಮಲಗೋ ಹೆಣ್ಣುಮಕ್ಕಳು, ಮೇಸ್ತ್ರಿ ಯಾವತ್ತು ಮನಸ್ಸಿಟ್ಟು ಕಟ್ಟಿದ್ದ, ಯಾವತ್ತು ಹರಟೆ ಹೊಡೀತಾ ಕಟ್ಟಿದ್ದ ಅಂತ ಕೇಳ್ಕೊಂಡು ಬರ್ತಾರೇನಯ್ಯಾ?”

ಹನುಮಂತಪ್ಪ ಬಾಳೆಹಣ್ಣಿನ ಚಿಪ್ಪನ್ನು ಎಮ್ಮೆಯ ಮುಂದೆ ಇಟ್ಟು ಹೊರಟುಹೋದ. ಅವನು ಮೋಸಗಾರನಲ್ಲ, ನಾವು ಅವನಿಗೆ ಮೋಸ ಮಾಡಿದ್ದೆವು. ಸಂಜೆ ಸುಬ್ಬಲಕ್ಷ್ಮಮ್ಮನವರು ಬಂದ ಮೇಲೆ ರಾಯರಿಗೆ ಏನಾಯಿತು ಎಂಬುದನ್ನು ನಾನು ಬರೆಯುವುದಿಲ್ಲ. ದೊಡ್ಡವರ ಮನೆಯ ಮಾತು.

ಕಳಿಸಿದ ಅಂಕಿಯನ್ನು ವಾಪಸ್ಸು ಪಡೆಯುವುದು, ಉಗುಳಿದ್ದನ್ನು ಎಲ್ಲರೆದುರು ನೆಕ್ಕಿದಂತೆ ಎಂದು ರಾಯರೇ ಹೇಳುತ್ತಿದ್ದರು. ದೊಡ್ಡ ಸಾಹೇಬರು ಖುದ್ದಾಗಿ ಬಂದು ಕೇಳಿದರು, “ಏನ್ರೀ, ಎಮ್ಮೆ ಕೊಟ್ಟಿಗೆ ಮುರಿದು ಆಸ್ಪತ್ರೆಗೆ ಲೆಕ್ಕ ಹಾಕ್ತೀರಾ?” ರಾಯರು ಹೌದು ಎಂದರು. ಇನ್ನಷ್ಟು ಕೊಟ್ಟಿಗೆ, ಇನ್ನಷ್ಟು ಕಾಂಪೌಂಡು, ನೀರಿನ ತೊಟ್ಟಿ ಎಲ್ಲ ಕಟ್ಟಿಸಿ, ಒಡೆದು, ಅದೇ ಅಂಕಿಯ ಆಸುಪಾಸಿಗೆ ಬರುತ್ತದೆಂದು ತೋರಿಸಿದರು. ಬೆಂಗಳೂರಿನ ಕಚೇರಿಯಲ್ಲಿ ಅವರಿಗೆ ‘ಎಮ್ಮೆ ರಾಯರು’ ಎಂದೇ ಹೆಸರಾಯಿತು. ಕೊನೆಗೆ ಗೋಡೆ ಒಂದೂವರೆ ಇಟ್ಟಿಗೆ ಎಂದು ತೀರ್ಮಾನವಾಯಿತು. ಕೆಳಗಿನ ವರಾಂಡ ಕೈಬಿಟ್ಟು, ವಾರ್ಡು ಕಿರಿದು ಮಾಡಿ, ಹೇಗೋ ಮೇಲಂತಸ್ತು ಉಳಿಸಿಕೊಂಡರು. ಇತ್ತ ಭದ್ರಾವತಿಯಲ್ಲಿ ನಮ್ಮ ಹೆಸರು ಎಷ್ಟು ಕೆಟ್ಟಿತೆಂದರೆ, ನಾನು ಮನೆಯಲ್ಲಿ ಬಚ್ಚಲು ಕಟ್ಟೆ ಕಟ್ಟಿಸಲು ಕರೆದರೂ ಗಾರೆಯವರು, “ಇದನ್ನ ಒಡೆಯಲ್ಲ ತಾನೇ?” ಎಂದು ಕೇಳಿಯೇ ಕರಣೆ ಎತ್ತುತ್ತಿದ್ದರು.

ಆಸ್ಪತ್ರೆಯ ಗೋಡೆಯನ್ನು ಹನುಮಂತಪ್ಪನೇ ಕಟ್ಟಿದ. ಮೇಲ್ವಿಚಾರಣೆಗೆ ನನ್ನನ್ನೇ ಹಾಕಿದ್ದರು. ನನ್ನೊಡನೆ ಅವನದು ಒಂದು ಮಾತಿಲ್ಲ, ಕಥೆಯಿಲ್ಲ. ಆಳುಗಳಿಗೆ ಮಾತ್ರ ನನಗೆ ಕೇಳಿಸುವಂತೆ, “ಒಂದಿಟ್ಟಿಗೆ ನನ್ದು, ಅರ್ಧ ಇಟ್ಟಿಗೆ ಎಮ್ಮೆದು, ಇಡ್ರೋ” ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ನಾನು ಎದುರು ಸಿಕ್ಕಿದರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದ. ಹೀಗೆ ವರ್ಷಗಳೇ ಕಳೆದವು.

ಒಂದು ಮಳೆಗಾಲದ ಮಧ್ಯಾಹ್ನ ಗೋಡೆಗಳಲ್ಲಿ ಬಿರುಕು ಏನಾದರೂ ಬಿಟ್ಟಿದೆಯೇ ಎಂದು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ. ಇದ್ದ ಮಂಚಗಳ ನಡುವೆ ಚಾಪೆ ಹಾಸಿದ್ದರು, ಬಾಣಂತಿಯರ ಜೊತೆಗೆ ತಾಯಂದಿರು, ಅತ್ತೆಯರು, ಬಿಸಿನೀರಿನ ಹಂಡೆಗಳು. ಕೆಳಗಿಳಿದು ಅಂಗಳಕ್ಕೆ ಬಂದರೆ ಹನುಮಂತಪ್ಪ. ಮಳೆಯಲ್ಲಿ ನೆನೆಯುತ್ತ, ಮೂಲೆಯ ಗೋಡೆಯನ್ನೇ ದಿಟ್ಟಿಸುತ್ತ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

“ಏನ್ ಮೇಸ್ತ್ರಿ, ಇಲ್ಲಿ?” ಎಂದೆ, ಉತ್ತರ ಬರುತ್ತದೆಂದು ನಂಬದೆ.

“ಮಗಳು ಮೇಲವಳೆ. ಗಂಡು ಮಗು. ಬೆಳಗ್ಗೆನೇ ಆಯ್ತಂತೆ.”

“ಮತ್ತೆ ಹೋಗಿ ನೋಡೋದಲ್ವಾ? ಇಲ್ಯಾಕೆ ನಿಂತಿದ್ದೀರಿ?”

ಅವನು ಕೈಯಿಂದ ಗೋಡೆಯನ್ನು ತೋರಿಸಿದ. “ಓವರ್ಸೀರ್ರೇ, ಈ ಮೂಲೆ ಏಳೋವಾಗ ನಾನಿಲ್ಲಿ ಇರ್ಲೇ ಇಲ್ಲ. ಊರಲ್ಲಿ ಭತ್ತದ ಕುಯ್ಲು. ಆಳುಗಳ ಕೈಗೆ ಬಿಟ್ಟು ಹೋಗಿದ್ದೆ. ಅವ್ರು ಹೆಂಗೆ ಕಟ್ಟಿದ್ರೋ ಏನೋ. ಮೇಲೆ ನೋಡಿದ್ರೆ ಜಾತ್ರೆ ಜನ ಸೇರವ್ರೆ... ಆ ಅರ್ಧ ಇಟ್ಟಿಗೆ, ಇಲ್ಲೂ ಹಾಕವ್ರಾ?”

“ನಾನೇ ನಿಂತು ಹಾಕಿಸಿದೀನಿ.”

“ಪಾಯದಿಂದ ಮೇಲ್ಗಡೆವರ್ಗೂ?”

“ಮೇಲ್ಗಡೆವರ್ಗೂ.”

“ಎಮ್ಮೆ ಲೆಕ್ಕಕ್ಕೇ?”

“ಎಮ್ಮೆ ಲೆಕ್ಕಕ್ಕೇ ಕಣಪ್ಪಾ.”

ಹನುಮಂತಪ್ಪ ಉಸಿರು ಬಿಟ್ಟ. “ಬದುಕ್ದೆ ಮಾರಾಯ” ಎಂದ, ಮೊದಲ ಸಲ ನನ್ನನ್ನು ಹಾಗೆ ಕರೆದು. ಪಂಚೆ ಮೇಲೆತ್ತಿ ಕಟ್ಟಿ, ಮೊಮ್ಮಗನನ್ನು ನೋಡಲು ಮೆಟ್ಟಿಲು ಹತ್ತಿ ಹೋದ.